ಆಗ್ನೇಯ ಮೂಲೆಯ ಕರಿ ಪೆಟ್ಟಿಗೆ

ನಮ್ಮ ಶನಿವಾರದ ಕನ್ನಡ ಶಾಲೆಗೆ ಸೌಂಡ್ ಸಿಸ್ಟಮ್ ಬಂದದ್ದು ಎರಡು ಸಾವಿರದ ಹದಿನೇಳರ ದಸರೆಯ ಹೊತ್ತಿಗೆ. ಅದಕ್ಕೂ ಮೊದಲು ಆ ಶಾಲೆಗೆ ಇದ್ದದ್ದು ಕಲಿಸುವ ಅಕ್ಕೋರ ಗಂಟಲೊಂದೇ. ಅದು ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ.

ಶಾಲೆ ಎಂದರೆ ದೊಡ್ಡದೇನೂ ಅಲ್ಲ. ಪರದೇಶದ ಈ ಬ್ರ್ಯಾಂಪ್ಟನ್ನಿನ ಒಂದು ಹಳೆಯ ಸಮುದಾಯ ಭವನದಲ್ಲಿ, ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ನಮಗೊಂದು ಉದ್ದನೆಯ ಕೋಣೆ ಬಾಡಿಗೆಗೆ ಸಿಗುತ್ತಿತ್ತು. ಇಪ್ಪತ್ತು ಇಪ್ಪತ್ತೆರಡು ಮಕ್ಕಳು ಬರುತ್ತಿದ್ದವು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಮನೆಗಳವೇ ಹೆಚ್ಚು. ಮಕ್ಕಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. “ನಾಷ್ಟಾ ಆತೇನೋ?” ಎಂದರೆ “ಯಾ, ಐ ಹ್ಯಾಡ್ ಉಪ್ಪಿಟ್ಟು” ಎನ್ನುವಂಥ ಮಕ್ಕಳು. ಉಪ್ಪಿಟ್ಟಾದರೂ ಉಳಿದಿದೆಯಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ನಾನು ಅಲ್ಲಿ ಕಲಿಸುವವಳಲ್ಲ. ವಾರದ ಐದು ದಿನ ಹಳದಿ ಸ್ಕೂಲ್ ಬಸ್ಸು ಓಡಿಸುವವಳು. ಶನಿವಾರ ಕಪಾಟಿನ ಕೀಲಿಕೈ, ಹಾಜರಿ ಪುಸ್ತಕ, ಚಹಾದ ಥರ್ಮಾಸು, ಇಷ್ಟು ನನ್ನ ಪಾಲಿಗೆ ಬಂದಿದ್ದವು. ಬೆಳಿಗ್ಗೆ ಅಕ್ಕೋರನ್ನು ಮನೆಯಿಂದ ಕರೆತಂದು, ಮಧ್ಯಾಹ್ನ ಮರಳಿ ಬಿಡುವುದೂ ನನ್ನದೇ.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಧಾರವಾಡದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಮೂವತ್ತೆಂಟು ವರ್ಷ ಒಂದನೇ ಎರಡನೇ ತರಗತಿಯನ್ನೇ ಕಲಿಸಿ, ಮಗಳ ಬಾಣಂತನಕ್ಕೆಂದು ಬಂದು, ಮೊಮ್ಮಕ್ಕಳು ಬಿಡದೆ ಇಲ್ಲಿಯೇ ನಿಂತವರು. ಎಪ್ಪತ್ತು ದಾಟಿತ್ತು. ದನಿ ಬಹಳ ಮೆತ್ತಗಿನದು. ಅಂಥ ದನಿಯವರನ್ನು ಕಂಡರೆ ನಮ್ಮ ಆಯಿ, ಅಂದರೆ ಅಜ್ಜಿ, “ಹಿಂಜಿದ ಹತ್ತಿ ಮ್ಯಾಲೆ ನೀರು ಬಿದ್ದಂಗ ಮಾತಾಡ್ತಾಳ” ಎನ್ನುತ್ತಿದ್ದಳು. ಕನ್ನಡವನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ಆಯಿಯ ಬಾಯಿಂದ ಕಲಿತವಳು, ಆದ್ದರಿಂದ ನನ್ನ ಹೋಲಿಕೆಗಳೆಲ್ಲ ಅವಳ ಅಡುಗೆಮನೆ, ದನದ ಕೊಟ್ಟಿಗೆ ಬಿಟ್ಟು ಆಚೆ ಹೋಗುವುದಿಲ್ಲ. ಕ್ಷಮೆ ಇರಲಿ.

ಅಕ್ಕೋರ ಹತ್ತಿರ ಒಂದು ಬಟ್ಟೆಯ ಚೀಲವಿತ್ತು. ಅದರ ತುಂಬ ಅಕ್ಷರದ ಕಾರ್ಡುಗಳು. ಊರಿನಿಂದ ಬಂದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಬೆನ್ನಿಗೆ ದಪ್ಪ ಅಕ್ಷರ ಬರೆದಿದ್ದರು. ‘ಕ’ ಹಿಡಿದರೆ ಹಿಂದೆ ಬಂಗಾರದ ಬಣ್ಣದ ಅರ್ಧ ಗಣಪತಿ, ‘ಮ’ ಹಿಡಿದರೆ ಯಾರದೋ ಮದುವೆಯ ಮುಹೂರ್ತ. ಕೋಣೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು. ಚಿಕ್ಕವು ಕಾರ್ಪೆಟ್ಟಿನ ಮೇಲೆ ಸುತ್ತ, ಉಳಿದವು ಹಿಂದಿನ ಗೋಡೆಗೆ ಹತ್ತಿಸಿ ಇಟ್ಟ ಕುರ್ಚಿಗಳಲ್ಲಿ. ಮಕ್ಕಳು ಹೆಚ್ಚಾದಂತೆ, ಮತ್ತು ಹೀಟರಿನ ಫ್ಯಾನು ಗೊರಗೊರ ಎನ್ನತೊಡಗಿದಂತೆ, ಹಿಂದಿನವರಿಗೆ ಕಥೆ ಮುಟ್ಟುವುದು ಕಡಿಮೆಯಾಯಿತು.

ಆಗ ಬಂದವರು ಕಾಕಾ. ಹುಬ್ಬಳ್ಳಿಯವರು, ಇಲ್ಲಿ ಉದ್ದನೆಯ ಟ್ರಕ್ಕು ಓಡಿಸುತ್ತಿದ್ದರು. ಮಕ್ಕಳೆಲ್ಲ ಕಾಕಾ ಎನ್ನುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಬಂದಿತ್ತು. ಅವರು ನನ್ನ ಯಜಮಾನರನ್ನು ಅಣ್ಣಾ ಎಂದು, ನನ್ನನ್ನು ವೈನಿ ಎಂದು ಕರೆಯುತ್ತಿದ್ದರು. ಮನೆಗೆ ಹೊಸ ಹೋಮ್ ಥಿಯೇಟರ್ ತಂದಿದ್ದರು. ಹಳೆಯದನ್ನು ಬೇಸ್‌ಮೆಂಟಿನಿಂದ ಖಾಲಿ ಮಾಡು ಎಂದು ಮನೆಯವರ ಆಜ್ಞೆಯಾಗಿತ್ತು.

“ವೈನಿ, ಸಾಲಿಗಿ ಕೊಟ್ಟಬಿಡ್ತೀನಿ. ಎರಡ ಸ್ಪೀಕರ್, ಒಂದ ಮೈಕು, ಮ್ಯಾಲೆ ಈ ದೊಡ್ಡ ಸಬ್‌ವೂಫರ್. ಏನ್ ಹೊಡಿತೈತಿ ಅಂತೀರಿ, ಎದಿ ನಡಗತೈತಿ.”

“ಕಾಕಾ, ಹುಡುಗೂರಿಗೆ ಅ ಆ ಕಲಸೂದೈತಿ. ಎದಿ ನಡಗಸೂದಿಲ್ಲ.”

“ನಡಗಲಿ ಬಿಡ್ರಿ, ಒಂಚೂರು ಅಂಜಿಕಿ ಇರಬೇಕು.”

ಸಬ್‌ವೂಫರ್ ಎಂದರೆ ತಗ್ಗಿನ ದನಿಗೆಂದೇ ಇರುವ ಪೆಟ್ಟಿಗೆ. ತಬಲಾಕ್ಕೆ ಡಗ್ಗಾ ಇದ್ದ ಹಾಗೆ. ಕಾಕಾ ತಂದದ್ದು ಎರಡು ಅಕ್ಕಿ ಚೀಲದಷ್ಟಿತ್ತು, ಕಪ್ಪಗೆ. ಅದನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಕಾಕಾ ಫೋನಿನಲ್ಲಿ ದಿಕ್ಸೂಚಿ ತೆರೆದು ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿ, “ಕರೆಂಟಿನ ಸಾಮಾನು ಆಗ್ನೇಯಕ್ಕ” ಎಂದು ಬಲಗಡೆಯ ಮೂಲೆಯನ್ನು ತೋರಿಸಿದರು. ನಾನೂ ತಲೆ ಆಡಿಸಿದೆ. ನಮ್ಮ ಮನೆಯ ಒಲೆಯೂ ಆಗ್ನೇಯಕ್ಕೇ ಇದೆ.

ಅದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ವಾರ. ಹೊಸ ಸಾಮಾನು ಬಂದಿರುವಾಗ ಪೂಜೆ ಮಾಡದಿದ್ದರೆ ಹೇಗೆ? ಮರದ ಮಣೆ ಹಾಕಿ, ಮೇಲೆ ಕೆಂಪು ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಕೂಡಿಸಿ, ವಿಭೂತಿ ಎಳೆದು ಕುಂಕುಮ ಹಚ್ಚಿದೆವು. ಕಾಯಿಯನ್ನು ಪಾರ್ಕಿಂಗಿನಲ್ಲಿ ಒಡೆದೆವು. ನನ್ನ ಬಸ್ಸಿನ ಕೀಲಿಕೈಯನ್ನೂ ಅದರ ಮುಂದಿಟ್ಟು ಒಂದು ಹೂವು ಏರಿಸಿದೆ. ಅಂದಿನಿಂದ ಅದು ಸಾಮಾನಾಗಿ ಉಳಿಯಲಿಲ್ಲ. ಮಕ್ಕಳು ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವು. ಒಬ್ಬನಂತೂ ಅದರ ಮುಂದೆ ಅರ್ಧ ಡೋನಟ್ ನೈವೇದ್ಯ ಇಟ್ಟಿದ್ದ.

ಮೊದಲ ದಿನ ಅಕ್ಕೋರು ಮೈಕು ತುಟಿಗೆ ಹತ್ತಿಸಿ ಹಿಡಿದು ಮಾತಾಡಿ, “ಜರಾ ಜೋರ ಮಾಡ್ರಿ, ನನಗ ಕೇಳಸವಲ್ದು” ಎಂದರು. ಕಾಕಾ ಪೆಟ್ಟಿಗೆಯ ಹಿಂದಿನ ಗುಂಡಿ ತಿರುಗಿಸಿದರು. ಮುಂದಿನ ವಾರ ಮತ್ತೆ, “ಇನ್ನೂ ಜರಾ.” ಮತ್ತೆ ತಿರುಗಿಸಿದರು. ನಾನು ಬಾಗಿಲ ಪಕ್ಕ, ಉದ್ದನೆಯ ಗೋಡೆಯ ನಡುಮಧ್ಯದಲ್ಲಿ, ಹಾಜರಿ ಪುಸ್ತಕದ ಮೇಜಿನ ಹಿಂದೆ ಕೂತಿರುತ್ತಿದ್ದೆ. ನನಗೆ ಎಲ್ಲವೂ ಸರಿಯಾಗಿಯೇ ಕೇಳುತ್ತಿತ್ತು. ನನ್ನ ಕಾಲ ಬಳಿ ಮಕ್ಕಳ ಬೂಟುಗಳ ಸಾಲು, ನನ್ನ ಮುಂದೆ ಚಹಾ. ಸುಖವಾಗಿದ್ದೆ.

ಡಿಸೆಂಬರಿನ ಮೊದಲ ಶನಿವಾರ ಬೂಟು ಹಾಕಿಕೊಳ್ಳುವ ಗದ್ದಲದಲ್ಲಿ ಏಳು ವರ್ಷದ ಒಂದು ಹುಡುಗಿ ತನ್ನ ತಾಯಿಯನ್ನು ಕೇಳಿದಳು. “ಅಮ್ಮಾ, ವೈ ಈಸ್ ಅಕ್ಕೋರು ಆಲ್ವೇಸ್ ಸೋ ಆಂಗ್ರಿ ವಿತ್ ಅಸ್?”

ತಾಯಿ ಅವಳ ಬಾಯಿ ಮುಚ್ಚಿದರು. ಅಕ್ಕೋರು ಅವರ ಬೆನ್ನ ಹಿಂದೆಯೇ ನಿಂತು ಸ್ಕಾರ್ಫು ಸುತ್ತಿಕೊಳ್ಳುತ್ತಿದ್ದರು. ಇಂಗ್ಲಿಷು ಅಷ್ಟು ಬಾರದವರೇನಲ್ಲ.

ಕಾರಿನಲ್ಲಿ ಅಕ್ಕೋರು ಬಟ್ಟೆಚೀಲವನ್ನು ಮಡಿಲ ಮೇಲೆ ಇಟ್ಟುಕೊಂಡು ಕೂತರು. ನಾನು ಹವೆಯ ಮಾತು ತೆಗೆದೆ. ಅವರು ಅದನ್ನು ಬದಿಗೆ ಸರಿಸಿದರು.

“ತಂಗಿ, ಮೂವತ್ತೆಂಟು ವರ್ಷ ಹುಡುಗೂರ ನಡುವ ಕಳದೀನಿ. ಬಡಿಗಿ ಹಿಡಿಲಿಲ್ಲ, ಕಿವಿ ಹಿಂಡಲಿಲ್ಲ. ಸಿಟ್ಟಿನ ಅಕ್ಕೋರು ಅಂತ ಒಂದ ಕೂಸೂ ಅಂದಿಲ್ಲ.”

“ಸಣ್ಣ ಹುಡುಗಿ, ಏನೋ ಅಂದ್ಳು ಬಿಡ್ರಿ ಅಕ್ಕೋರ.”

“ಸಣ್ಣ ಹುಡುಗೂರು ಸುಳ್ಳ ಹೇಳೂದಿಲ್ಲ. ಹಿಂದ ಕುಂತವು ಕಿವಿ ಮುಚ್ಚಿಕೋತಾವ, ನಾ ನೋಡೀನಿ. ವಯಸ್ಸಾದ ಮ್ಯಾಲೆ ದನಿ ಒರಟ ಆಗ್ತದಂತ. ತನಗ ತಿಳಿಯೂದಿಲ್ಲಂತ.” ಮಡಿಲ ಮೇಲಿನ ಬಟ್ಟೆಚೀಲದ ಕಸೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. “ರಜಾ ಬರೂಕಿಂತ ಮೊದಲಿನ ಶನಿವಾರ ಕಡೀದು. ಈ ಚೀಲಾ ನಿನಗ ಕೊಡ್ತೀನಿ. ಯಾರರ ಹರೇದವರು ಸಿಗ್ತಾರ.”

ಆ ಶನಿವಾರಕ್ಕೆ ಇನ್ನು ಎರಡೇ ವಾರ. ಅವರಿಲ್ಲದೆ ಶಾಲೆ ನಡೆಯುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ನನ್ನ ಎದೆಗೆ ಹತ್ತಿದ್ದು ಬೇರೆ. ಸಿಟ್ಟು ಎನ್ನುವುದನ್ನೇ ಅರಿಯದ ಹೆಂಗಸು, ತಾನು ಮಕ್ಕಳನ್ನು ಹೆದರಿಸಿದೆ ಎಂಬ ನಂಬಿಕೆ ಹೊತ್ತು ಮನೆ ಸೇರುವುದು ಸರಿಯೆನಿಸಲಿಲ್ಲ.

ಮುಂದಿನ ಶನಿವಾರ ನಾನು ಹಾಜರಿ ಮುಗಿಸಿ, ಆ ಹುಡುಗಿಯ ಪಕ್ಕದ ಖಾಲಿ ಕುರ್ಚಿಯಲ್ಲಿ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅಕ್ಕೋರು ತಮ್ಮ ಎಮ್ಮೆಯ ಕಥೆ ಶುರು ಮಾಡಿದರು. ಕೇಳಿದ ಕೂಡಲೇ ನನ್ನ ಕೈಯೇ ಕಿವಿಗೆ ಹೋಯಿತು.

ನಮ್ಮೂರಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಇಳಿಯುವ ಮೊದಲು ಆಯಿ ಹಗೇವಿನ ಬಾಯಿಯ ಬಳಿ ಬಗ್ಗಿ “ಹೋ” ಎಂದು ಕೂಗುತ್ತಿದ್ದಳು. ಒಳಗಿನಿಂದ ಅವಳದೇ ದನಿ, ಮೀಸೆ ಬಂದ ಗಂಡಸಿನ ದನಿಯಾಗಿ, ಗುಮ್ಮನೆ ತಿರುಗಿ ಬರುತ್ತಿತ್ತು. ಅಕ್ಕೋರ ಮಾತು ಹಾಗೆ ಬರುತ್ತಿತ್ತು. ಶಬ್ದವಿತ್ತು, ಮಾತಿನ ಅಂಚುಗಳಿರಲಿಲ್ಲ. ಎಲ್ಲ ಅಕ್ಷರಗಳ ಮೇಲೂ ಒಂದು ಗುಂಯ್ ಕೂತಿತ್ತು. ಅಲ್ಲಿ ಕೂತು ಕೇಳಿದವರಿಗೆ, ಯಾರೋ ಹಲ್ಲು ಕಚ್ಚಿ ಗದರುತ್ತಿದ್ದಾರೆ ಎಂದೇ ಅನ್ನಿಸಬೇಕು. ಹುಡುಗಿ ನನ್ನ ಕಡೆ ನೋಡಿ ಹುಬ್ಬು ಏರಿಸಿದಳು. ಹೇಳಿದ್ದೆನಲ್ಲ ಎನ್ನುವ ಹಾಗೆ.

ನಾನು ಎದ್ದು ನಡುವಿನವರೆಗೆ ನಡೆದೆ. ಗುಂಯ್ ಇಲ್ಲ, ಬರೀ ತೆಳ್ಳನೆಯ ದನಿ. ಮತ್ತೆ ಹಿಂದೆ ಹೋದೆ. ಮತ್ತೆ ಗುಂಯ್. ಮಕ್ಕಳು ನಗತೊಡಗಿದವು. ಇದು ನನಗೆ ಹೊಸದೇನಲ್ಲ. ನನ್ನ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಮೊರೆತಕ್ಕೆ ಕೊನೆಯ ಸೀಟಿನ ಕಿಟಕಿ ಗಡಗಡ ಎನ್ನುತ್ತದೆ, ನಡುವಿನ ಸೀಟಿನಲ್ಲಿ ಮಲಗಿದ ಮಗು ಮಲಗಿಯೇ ಇರುತ್ತದೆ. ಇಷ್ಟು ವರ್ಷ ಬಸ್ಸಿನಲ್ಲಿ ಕೇಳಿದ್ದನ್ನು ಕೋಣೆಯಲ್ಲಿ ಕೇಳಲು ನನಗೆ ಎರಡು ತಿಂಗಳು ಬೇಕಾಯಿತು, ಯಾಕೆಂದರೆ ನಾನು ಚಹಾದ ಪಕ್ಕದಿಂದ ಎದ್ದಿರಲೇ ಇಲ್ಲ.

ಶಾಲೆ ಬಿಟ್ಟ ಮೇಲೆ ಪೆಟ್ಟಿಗೆಯ ಪ್ಲಗ್ಗು ಕಿತ್ತು ನೋಡಿದೆ. ಗುಂಯ್ ಹೋಯಿತು, ಆದರೆ ಹಾಡು ಹಾಕಿದರೆ ತಗಡಿನ ಡಬ್ಬಿಯೊಳಗೆ ಹಾಡಿದಂತಾಯಿತು, ಮಕ್ಕಳು ಚಪ್ಪಾಳೆ ತಟ್ಟಲು ತಾಳವೇ ಸಿಗುವಂತಿರಲಿಲ್ಲ. ಕೊಟ್ಟವರ ಮುಖವೂ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಭವನದ ಕೇರ್‌ಟೇಕರು ವ್ಯಾಕ್ಯೂಮ್ ಎಳೆದುಕೊಂಡು ಬಂದರು. ಅರವತ್ತರ ಮನುಷ್ಯ, ಕೆರಿಬಿಯನ್ ದ್ವೀಪದವರು, ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ನಮ್ಮ ಪೆಟ್ಟಿಗೆಯ ಮಣೆಯ ಸುತ್ತ ಅವರು ಯಾವಾಗಲೂ ಬಹಳ ನಾಜೂಕಾಗಿ ವ್ಯಾಕ್ಯೂಮ್ ಹೊಡೆಯುತ್ತಿದ್ದರು, ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ.

ನಾನು ಕಷ್ಟ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ: “ತಂಗೀ, ಎರಡು ತಿಂಗಳಿಂದ ಆ ಮೂಲೆ ನೋಡಿ ನೋಡಿ ಸುಮ್ಮನಿದ್ದೆ. ನಿಮ್ಮ ಪೂಜೆಯ ಸಾಮಾನು, ನಾನ್ಯಾಕೆ ಬಾಯಿ ಹಾಕಲಿ ಅಂತ.”

ಹರೆಯದಲ್ಲಿ ಇಲ್ಲೇ ಹತ್ತಿರದ ಸ್ಕಾರ್‌ಬರೋದ ಬೇಸ್‌ಮೆಂಟುಗಳಲ್ಲಿ ಕುಣಿತದ ಸಂಜೆಗಳಿಗೆ ತಾವು ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಹೊತ್ತವರಂತೆ. ಮೂಲೆಯಲ್ಲಿಟ್ಟರೆ ಎರಡೂ ಗೋಡೆ ಸೇರಿ ಅದರ ಜೊತೆ ಕೂಗುತ್ತವೆ ಎಂದರು. ಕೋಣೆಯಲ್ಲಿ ತಗ್ಗಿನ ದನಿ ತೊಟ್ಟಿಯ ನೀರಿನ ಹಾಗೆ, ಅಲುಗಿಸಿದರೆ ಎರಡೂ ತುದಿಗೆ ಏರುತ್ತದೆ, ನಡುವೆ ಸುಮ್ಮನಿರುತ್ತದೆ ಎಂದರು. ನಾನು ಎಮ್ಮೆಗೆ ನೀರು ಕುಡಿಸುವ ಕಲ್ಲಿನ ದೋಣಿಯನ್ನು ನೆನೆದೆ, ತಿಳಿಯಿತು. ನಡುವೆ ಕೂತ ಅಕ್ಕೋರಿಗೆ ಕೇಳದೆ “ಜೋರ ಮಾಡ್ರಿ” ಎಂದಷ್ಟೂ ತುದಿಯಲ್ಲಿ ಕೂತ ಮಕ್ಕಳ ಮೇಲೆ ಬೀಳುತ್ತಿತ್ತು.

“ಹಾಗಾದರೆ ಎಲ್ಲಿ ಇಡಬೇಕು?”

“ಅದನ್ನು ನಾನು ಹೇಳುವುದಿಲ್ಲ, ಕೋಣೆ ಹೇಳುತ್ತದೆ. ಮಕ್ಕಳು ಕೂಡುವ ಕುರ್ಚಿಯಲ್ಲಿ ಪೆಟ್ಟಿಗೆಯನ್ನು ಕೂಡಿಸಿ. ಬಾರಿಸಲು ಬಿಡಿ. ನೀವು ಮಂಡಿಯೂರಿ ಗೋಡೆಗುಂಟ ಹರಿದಾಡಿ. ಎಲ್ಲಿ ನಿಮ್ಮ ಕಿವಿಗೆ ಹಿತವೋ ಅಲ್ಲಿ ಇಡಿ. ಕಿವಿಯ ಜಾಗಕ್ಕೆ ಪೆಟ್ಟಿಗೆ, ಪೆಟ್ಟಿಗೆಯ ಜಾಗಕ್ಕೆ ಕಿವಿ.”

ಮನೆಗೆ ಬಂದು ಕಾಕಾಗೆ ಫೋನು ಮಾಡಿದೆ. ಅವರು ಎಲ್ಲೋ ಹೆದ್ದಾರಿಯ ಪಕ್ಕ ಟ್ರಕ್ಕು ನಿಲ್ಲಿಸಿ ಊಟ ಮಾಡುತ್ತಿದ್ದರು. ಗುಂಯ್ ಎನ್ನುವುದನ್ನು ಒಪ್ಪಿದರು, ಅಕ್ಕೋರು ಶಾಲೆ ಬಿಡುತ್ತಾರೆಂದು ಕೇಳಿ ತುತ್ತನ್ನು ಡಬ್ಬಿಗೆ ಮರಳಿ ಇಟ್ಟರು. ಜಾಗದ ಮಾತು ಬಂದಾಗ ಮಾತ್ರ ಹಿಂದೆ ಸರಿದರು.

“ವೈನಿ, ಪೂಜಿ ಮಾಡಿ ಕೂಡಿಸೇವಿ. ಹಂಗ ಎಬ್ಬಸಾಕ ಬರತೈತೇನ್ರಿ?”

“ಗಣಪ್ಪನ್ನೂ ಪೂಜಿ ಮಾಡೇ ಕೂಡಸ್ತೀವಿ. ಐದ ದಿನಕ್ಕ ಎಬ್ಬಸೂದಿಲ್ಲೇನು?”

“ಅದು ಗಣಪ್ಪ ರೀ.”

“ಇದು ಸಬ್‌ವೂಫರ್. ಗಣಪ್ಪಗ ಇಲ್ಲದ ಮಡಿ ಇದಕ್ಯಾಕ?”

ಅವರು ನಕ್ಕರು, ಆದರೆ ಒಪ್ಪಲಿಲ್ಲ. ಆಗ ಆಯಿ ನೆರವಿಗೆ ಬಂದಳು. ಗಣಪತಿಯನ್ನು ಹೊಳೆಗೆ ಒಯ್ಯುವ ದಿನ ಅವಳು ಅಕ್ಷತೆ ಹಾಕಿ, ಮಣೆಯನ್ನು ಒಂದು ಬೆರಳಿನಷ್ಟು ಸರಿಸುತ್ತಿದ್ದಳು. ಕದಲಿಸುವುದು ಎನ್ನುತ್ತಾರೆ. ಒಮ್ಮೆ ಕದಲಿಸಿದ ಮೇಲೆ ಎತ್ತಲು ದೋಷವಿಲ್ಲ. ಇದನ್ನು ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಅಗಿದರು.

“ಕದಲಸೂದಾದ್ರ ನಡೀತೈತಿ. ಅಕ್ಷತಿ ನಾ ತರ್ತೀನಿ.”

ಕಡೆಯ ಶನಿವಾರ ನಾವು ಒಂಬತ್ತಕ್ಕೇ ಸೇರಿದೆವು. ಅಕ್ಕೋರನ್ನು ಕರೆತರುವ ಕೆಲಸವನ್ನು ನನ್ನ ಯಜಮಾನರಿಗೆ ಒಪ್ಪಿಸಿದ್ದೆ. ಹೊರಗೆ ಮೊಣಕಾಲುದ್ದ ಹಿಮ. ಕಾಕಾ ಪ್ಯಾಂಟಿನ ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದು, ಪೆಟ್ಟಿಗೆಯ ಮೇಲೆ ನಾಲ್ಕು ಕಾಳು ಹಾಕಿ, ಕಣ್ಣು ಮುಚ್ಚಿ, ಮಣೆಯನ್ನು ಒಂದು ಬೆರಳು ಸರಿಸಿದರು. ಕೇರ್‌ಟೇಕರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಆಮೇಲೆ ಇಬ್ಬರೂ ಕೂಡಿ ಅದನ್ನು ಎತ್ತಿ ಆ ಹುಡುಗಿ ಕೂಡುತ್ತಿದ್ದ ಕುರ್ಚಿಯ ಮೇಲೆ ಇಟ್ಟರು. ಕೇರ್‌ಟೇಕರು ತಮ್ಮ ಫೋನಿನಿಂದ ತಮ್ಮ ದ್ವೀಪದ್ದೊಂದು ಹಾಡು ಹಚ್ಚಿದರು. ಅದರಲ್ಲಿ ತಗ್ಗಿನ ತಂತಿಯ ದನಿಯೇ ಮುಂದೆ, ಉಳಿದದ್ದು ಹಿಂದೆ.

ನಾವು ಮೂವರೂ ಮಂಡಿಯೂರಿದೆವು. ಸೀರೆ ಉಟ್ಟು ಬಂದದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಕಾಕಾ ಗಟ್ಟಿ ಆಳು, ಹೊಟ್ಟೆ ನೆಲಕ್ಕೆ ಹತ್ತುತ್ತಿತ್ತು. ಆಗ್ನೇಯದ ಮೂಲೆಗೆ ತಲೆ ಕೊಟ್ಟವರೇ ಹಿಂದೆ ಸರಿದರು.

“ಅಬ್ಬಬ್ಬಾ! ಟನಲ್‌ದಾಗ ಗಾಡಿ ಹೊಕ್ಕಂಗಾತು.”

“ಅದು ನೀವ ಇಟ್ಟ ಜಾಗಾ, ಕಾಕಾ.”

“ನಾ ಇಡಲಿಲ್ಲ, ಫೋನಿನ ಕಂಪಾಸು ಇಟ್ಟದ್ದು.”

ಅಷ್ಟರಲ್ಲಿ ನಾಲ್ಕಾರು ಮಕ್ಕಳು ಬಂದವು. ದೊಡ್ಡವರು ನೆಲದ ಮೇಲೆ ಹರಿದಾಡುವುದನ್ನು ಕಂಡು ಒಂದು ಕ್ಷಣ ದಂಗಾಗಿ, ಮರುಕ್ಷಣವೇ ತಾವೂ ಮಂಡಿಯೂರಿದವು. ಗೋಡೆಗುಂಟ ಸಾಲಾಗಿ, ಇರುವೆಯ ಹಾಗೆ. “ಹಿಯರ್ ಇಟ್ಸ್ ಲೌಡ್!” “ಇಲ್ಲಿ ನಥಿಂಗ್!” ಎಂದು ಕೂಗತೊಡಗಿದವು. ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ಒಬ್ಬರ ಮೇಲೊಬ್ಬರು ಬಿದ್ದೆವು. ಉದ್ದನೆಯ ಗೋಡೆಯ ನಡುಮಧ್ಯ. ಅಲ್ಲಿ ಹಾಡು ಗುಡುಗಲೂ ಇಲ್ಲ, ಸಾಯಲೂ ಇಲ್ಲ. ಪ್ರತಿಯೊಂದು ಏಟೂ ಬಿಡಿಬಿಡಿಯಾಗಿ, ತೊಳೆದಿಟ್ಟ ಪಾತ್ರೆಯ ಹಾಗೆ ಕೇಳಿತು. ನಾನು ಎರಡು ತಿಂಗಳು ಸುಖವಾಗಿ ಕೂತಿದ್ದ ಜಾಗವೇ ಅದು.

ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಭುಜದ ಮೇಲೆ ಹಿಮದ ಪುಡಿ, ಕೈಯಲ್ಲಿ ಬಟ್ಟೆಚೀಲ.

“ಏನ್ ಕಳಕೊಂಡ್ರಿ ಎಲ್ಲಾರೂ? ಯಾರದರ ಕಿವ್ಯಾನ ಬೆಂಡೋಲಿ ಬಿದ್ದುವೇನು?”

ಕಾಕಾ ನೆಲದಿಂದಲೇ ಹೇಳಿದರು. “ನಿಮ್ಮ ದನಿ ಹುಡುಕಾಕತ್ತೇವ್ರೀ, ಅಕ್ಕೋರ.”

“ನೆಲದಾಗ ಬಿದ್ದದೇನು ಅದು?”

ನಾನು ಎದ್ದು ಎಲ್ಲ ಹೇಳಿದೆ. ಅವರು ಕೇಳಿದರು, ಆದರೆ ಮುಖ ಸಡಿಲಾಗಲಿಲ್ಲ. “ನನ್ನ ಸಮಾಧಾನಕ್ಕ ಇಷ್ಟೆಲ್ಲಾ ಮಾಡೀರಿ. ಪೆಟಿಗೀಗೆ ಯಾಕ ಅಪವಾದ? ದನಿ ನಂದ ಅದ.” ಎಂದು ಚೀಲವನ್ನು ನನ್ನ ಕೈಗಿಟ್ಟರು. ಹಗುರವಾಗಿತ್ತು. ನಾನು ಅದನ್ನು ಹೆಗಲಿಗೆ ಹಾಕಿಕೊಂಡೆ.

“ಹಂಗಾದ್ರ ಒಂದ ಸಲ ಹಿಂದ ಕುಂದರ್ರಿ ಅಕ್ಕೋರ” ಎಂದೆ. “ಒಂದ ಸಲ.”

ಕಾಕಾ ಮತ್ತು ಕೇರ್‌ಟೇಕರು ಪೆಟ್ಟಿಗೆಯನ್ನು ಮತ್ತೆ ಹಳೆಯ ಮೂಲೆಗೆ ಒಯ್ದರು. ಅಕ್ಕೋರು ಹಿಂದಿನ ಕುರ್ಚಿಯಲ್ಲಿ ಕೂತರು, ಇಷ್ಟು ದಿನದಲ್ಲಿ ಮೊದಲ ಬಾರಿ. ನಾನು ಮೈಕನ್ನು ಆ ಹುಡುಗಿಯ ಕೈಗೇ ಕೊಟ್ಟೆ, ನಡುವಿನ ಕುರ್ಚಿಯಲ್ಲಿ ಕೂಡಿಸಿದೆ. ಅಕ್ಕೋರು ಹಿಡಿಯುವ ಹಾಗೆಯೇ ತುಟಿಗೆ ಹತ್ತಿಸಿ ಹಿಡಿ ಎಂದೆ.

ಹುಡುಗಿ ನಾಚಿಕೊಂಡು ಹೇಳಿದಳು. “ಅಕ್ಕೋರ, ನಮಸ್ಕಾರ್ರಿ. ನಾ ಉಪ್ಪಿಟ್ಟು ತಿಂದು ಬಂದೀನಿ.”

ಏಳು ವರ್ಷದ ಆ ಸಣ್ಣ ದನಿ ಹಿಂದಿನ ಗೋಡೆಗೆ ಮುಟ್ಟುವಾಗ ಬಾಕಿ ವಸೂಲಿಗೆ ಬಂದ ಗಂಡಸಿನ ದನಿಯಾಗಿತ್ತು. ಉಪ್ಪಿಟ್ಟನ್ನಲ್ಲ, ಯಾರನ್ನೋ ತಿಂದು ಬಂದ ಹಾಗಿತ್ತು. ಅಕ್ಕೋರು ಕುರ್ಚಿಯಲ್ಲಿ ಹಿಂದೆ ಸರಿದರು. ಕೈ ಕಿವಿಗೆ ಹೋಯಿತು. ಹೋದ ಕೈಯನ್ನು ತಾವೇ ನೋಡಿಕೊಂಡರು.

“ಯವ್ವಾ! ಈ ಕೂಸಿನ ಹೊಟ್ಟ್ಯಾಗ ಯಾವ ಕ್ವಾಣ ಕುಂತದ?”

ಆಮೇಲೆ ನಕ್ಕರು. ಬಾಯಿಗೆ ಸೆರಗು ಹಿಡಿದು, ಭುಜ ಅಲುಗುವಂತೆ. ಹುಡುಗಿಗೆ ಏನೂ ತಿಳಿಯದೆ, “ಐ ವಾಸಂಟ್ ಆಂಗ್ರಿ!” ಎಂದಳು, ಅದೂ ಮೈಕಿನಲ್ಲೇ. ಅದು ಇನ್ನೂ ಸಿಟ್ಟಾಗಿ ಕೇಳಿತು. ಮಕ್ಕಳೆಲ್ಲ ಉರುಳಾಡಿ ನಕ್ಕವು. “ಇಲ್ಲವಾ, ನೀ ಸಿಟ್ಟಾಗಿಲ್ಲ. ಗೊತ್ತಾತು” ಎಂದು ಅಕ್ಕೋರು ಕಣ್ಣೊರೆಸಿಕೊಂಡರು. ನಗುವಿನ ನೀರೋ ಬೇರೆಯದೋ ನಾನು ಕೇಳಲಿಲ್ಲ.

ಇಷ್ಟಾದ ಮೇಲೆ ಪೆಟ್ಟಿಗೆಯನ್ನು ಗೋಡೆಯ ನಡುವಿಗೆ ತರುವುದಷ್ಟೇ ಉಳಿದಿತ್ತು. ನನ್ನ ಮೇಜು ಸರಿಸಿದೆ. ಮೇಜು ಸರಿದ ಕೂಡಲೇ ಕಾಕಾ ಪೆಟ್ಟಿಗೆ ಹಿಡಿದವರು ಹಾಗೆಯೇ ನಿಂತರು. ಅಲ್ಲಿ ಬೂಟುಗಳಿದ್ದವು. ಅಷ್ಟರಲ್ಲಿ ಬಂದು ಸೇರಿದ ಎಲ್ಲ ಮಕ್ಕಳವು, ಇಪ್ಪತ್ತು ಜೋಡಿ, ಹಿಮ ಕರಗಿ ಕೆಸರು ನೀರು ಇಳಿಯುತ್ತಿದ್ದ ಬೂಟುಗಳು.

“ಇಲ್ಲೆ ಆಗೂದಿಲ್ಲ” ಎಂದರು ಕಾಕಾ. “ಪೂಜಿ ಮಾಡಿದ್ದನ್ನ ಚಪ್ಪಲಿ ಬಿಡೂ ಜಾಗದಾಗ? ನಮ್ಮವ್ವ ಕೇಳಿದ್ರ ಹುಬ್ಬಳ್ಳಿಯಿಂದ ನಡಕೋತ ಬಂದು ಬಡಿತಾಳ.”

ಒಂದು ಅಡಿ ಆಚೆ ಇಟ್ಟರಾಗದೇ ಎಂದು ನಾನು ಕೇಳಿದೆ. ಕೇರ್‌ಟೇಕರು ಗೋಡೆಯ ಅಳತೆ ನೋಡಿ ತಲೆ ಅಲ್ಲಾಡಿಸಿದರು, ಆಚೆ ಬಾಗಿಲು, ಈಚೆ ಹೀಟರು. ಬೂಟುಗಳನ್ನು ಹೊರಗೆ ಇಡುವಂತಿರಲಿಲ್ಲ, ಬಾಗಿಲಾಚೆಯ ಕಾರಿಡಾರು ಖಾಲಿ ಇರಬೇಕೆಂಬುದು ಭವನದ ನಿಯಮ. ಕಾಕಾನ ಕೈ ನೋಯುತ್ತಿತ್ತು, ಆದರೂ ಇಳಿಸಲೊಲ್ಲರು. ಎಲ್ಲರೂ ಅಕ್ಕೋರ ಕಡೆ ನೋಡಿದೆವು. ಇಂಥ ಹೊತ್ತಿನಲ್ಲಿ ಹಿರಿಯರ ಕಡೆ ನೋಡುವುದು ನಮಗೆ ತಾನಾಗಿ ಬರುತ್ತದೆ.

ಅಕ್ಕೋರು ಬೂಟು ನೋಡಿದರು, ಪೆಟ್ಟಿಗೆ ನೋಡಿದರು, ಖಾಲಿಯಾದ ಆ ಮೂಲೆಯನ್ನು ನೋಡಿದರು.

“ಆಗ್ನೇಯ ಅಂದ್ರ ಯಾರ ಮೂಲಿ?”

“ಅಗ್ನೀದ್ರಿ” ಎಂದರು ಕಾಕಾ.

“ಹಸೀ ಬೂಟು ಒಣಗಸೂದು ಯಾರ ಕೆಲಸ?”

ಕಾಕಾ ಪೆಟ್ಟಿಗೆಯ ಮೇಲಿಂದ ಮೂಲೆಯ ಕಡೆ ಕತ್ತು ಚಾಚಿದರು.

“ಬೂಟು ಅಲ್ಲಿಡ್ರಿ. ಅಗ್ನಿ ಒಣಗಸ್ತಾನ. ಪೆಟಿಗಿ ಇಲ್ಲಿಡ್ರಿ. ನೆಲಾ ಒರಸಿ, ಅದರ ಮಣೀನೂ ಕೆಂಪ ಅರಬಿನೂ ಇಲ್ಲೇ ತರ್ರಿ. ಆತಿಲ್ಲೋ?”

ಆಯಿತು. ಮಕ್ಕಳು ಒಂದೊಂದು ಜೋಡಿ ಹಿಡಿದು ಮೂಲೆಗೆ ಸಾಗಿಸಿದವು. ಕೇರ್‌ಟೇಕರು ನೆಲ ಒರೆಸಿ, ಪೆಟ್ಟಿಗೆಯ ಹಿಂದಿನ ಎರಡು ಗುಂಡಿಗಳನ್ನು ಬಹಳಷ್ಟು ಹಿಂದಕ್ಕೆ ತಿರುಗಿಸಿದರು. ಈ ಪೆಟ್ಟಿಗೆ ಡೋಲಿನ ಸದ್ದಿಗೆ, ಅಜ್ಜಿಗೆ ಅಲ್ಲ, ಅಜ್ಜಿಯ ದನಿಯನ್ನು ಆ ಎರಡು ಸಣ್ಣ ಸ್ಪೀಕರುಗಳೇ ನೋಡಿಕೊಳ್ಳುತ್ತವೆ ಎಂದರು. ಮೈಕನ್ನು ತುಟಿಯಿಂದ ಒಂದು ಗೇಣು ದೂರ ಹಿಡಿಯಲು ಅಕ್ಕೋರಿಗೆ ತೋರಿಸಿ, ತಮ್ಮ ವ್ಯಾಕ್ಯೂಮು ಎಳೆದುಕೊಂಡು ಹೋದರು.

ಅಂದು ಅಕ್ಕೋರು ಎಮ್ಮೆಯ ಕಥೆಯನ್ನೇ ಮತ್ತೆ ಹೇಳಿದರು. ಅವರ ಹಳ್ಳಿಯ ಶಾಲೆಗೆ ಮಳೆಗಾಲದಲ್ಲಿ ಒಂದು ಎಮ್ಮೆ ನುಗ್ಗಿ, ಬೋರ್ಡಿನ ಮುಂದೆ ನಿಂತು, ಬರೆದ ಕಾಗುಣಿತವನ್ನೆಲ್ಲ ನಾಲಿಗೆಯಿಂದ ಒರೆಸಿತ್ತಂತೆ. ಎಮ್ಮೆ ಬೋರ್ಡಿಗೆ ಮೂಗು ತಂದ ಜಾಗಕ್ಕೆ ಬಂದಾಗ ಅವರು ದನಿ ಇಳಿಸಿದರು. ಪಿಸುಮಾತಿಗೆ ಇಳಿಸಿದರು. ನಾನು ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಒಂದೊಂದು ಅಕ್ಷರವೂ ಅಂಚು ಸಮೇತ ಬಂತು. ನನ್ನ ಪಕ್ಕದ ಹುಡುಗಿ ಕಿವಿ ಮುಚ್ಚಲಿಲ್ಲ. ಬಾಯಿ ತೆರೆದುಕೊಂಡು ಮುಂದಕ್ಕೆ ಬಾಗಿ ಬಾಗಿ, ಕುರ್ಚಿಯ ತುದಿಗೆ ಬಂದು, ಕೊನೆಗೆ ಎದ್ದು ಹೋಗಿ ಕಾರ್ಪೆಟ್ಟಿನ ಮೇಲೆ ಚಿಕ್ಕವರ ನಡುವೆ ತೂರಿ ಕೂತಳು.

“ಆಮ್ಯಾಲೆ?” ಎಂದಳು. ಕನ್ನಡದಲ್ಲೇ ಅಂದಳು ಎಂಬುದನ್ನು ಅವಳೂ ಗಮನಿಸಲಿಲ್ಲ, ನಾನು ಯಾರಿಗೂ ತೋರಿಸಿಕೊಡಲಿಲ್ಲ.

ಹನ್ನೆರಡಾಯಿತು. ಎಲ್ಲರೂ ಬೂಟಿಗಾಗಿ ಆಗ್ನೇಯಕ್ಕೆ ಓಡಿದರು. ನಾನು ಹಾಜರಿ ಪುಸ್ತಕ ಕಪಾಟಿಗೆ ಹಾಕಿ ಕೀಲಿ ತಿರುಗಿಸಿದೆ. ಕಡೆಯ ದಿನದ ಮಾತನ್ನು ಹೇಗೆ ಎತ್ತುವುದು, ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತ ಬಾಗಿಲಿಗೆ ಬಂದೆ. ಅಕ್ಕೋರು ಸ್ಕಾರ್ಫು ಸುತ್ತಿ ಸಿದ್ಧರಾಗಿ ನಿಂತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ನನ್ನ ಚೀಲಾ ನಿನ್ನ ಹೆಗಲಿಗ್ಯಾಕ ಅದ?”

“ನೀವ ಕೊಟ್ರೆಲ್ಲಾ ಅಕ್ಕೋರ.”

“ಹಿಡಕೋ ಅಂತ ಕೊಟ್ಟೆ. ಒಯ್ಯಿ ಅಂದ್ನೇನು?” ಎಂದು ನನ್ನ ಹೆಗಲಿನಿಂದ ಅದನ್ನು ಬಿಡಿಸಿ ತಮ್ಮ ಹೆಗಲಿಗೆ ಹಾಕಿಕೊಂಡರು. “ಒತ್ತಕ್ಷರದ ಕಾರ್ಡು ಸಾಲವಲ್ಲವು. ನಿನ್ನ ಮನಿಗೆ ಲಗ್ನಪತ್ರಿಕಿ ಬಂದಿದ್ರ ಒಗೀಬ್ಯಾಡ, ಜನವರಿಗೆ ಬೇಕಾಗ್ತಾವ.”

ಅಗ್ನಿಯ ವಿಷಯ ಹೇಳಿ ಮುಗಿಸುತ್ತೇನೆ. ಆ ಚಳಿಗಾಲವಿಡೀ ಬೂಟುಗಳು ಆ ಮೂಲೆಯಲ್ಲೇ ಇದ್ದವು, ಒಂದು ಜೋಡಿಯೂ ಒಣಗಲಿಲ್ಲ. ಹೀಟರು ಇದ್ದದ್ದು ಈಚೆ ಗೋಡೆಗೆ. ಮಕ್ಕಳು ಹಸಿ ಬೂಟಿನಲ್ಲೇ ಮನೆಗೆ ಹೋದವು. ಒಬ್ಬ ತಾಯಿಯೂ ದೂರಲಿಲ್ಲ. ಕಾಕಾ ಮಾತ್ರ ಪ್ರತಿ ಶನಿವಾರ ತಮ್ಮ ಬೂಟನ್ನು ಕೈಯಿಂದ ಮುಟ್ಟಿ ನೋಡಿ, “ಇನ್ನೂ ಟೈಮ್ ತಗೋತೈತಿ ಅನಸ್ತೈತಿ ವೈನಿ” ಎನ್ನುತ್ತಿದ್ದರು.